ಅಕ್ಕತಂಗಿಯರ ರುಜು

ಮದ್ದೂರು ತಾಲ್ಲೂಕಿನಲ್ಲಿ ಪಹಣಿ ತೆಗೆಸಿ ನೋಡಿ, ತೀರಿಹೋದವರು ಈಗಲೂ ಬೇಸಾಯ ಮಾಡುತ್ತಿರುತ್ತಾರೆ. ತಾತನ ಹೆಸರಿನ ಎರಡು ಎಕರೆ ಗದ್ದೆಗೆ ಮೊಮ್ಮಕ್ಕಳು ಬಾಯಿಮಾತಿನಲ್ಲೇ ಬದು ಹಾಕಿಕೊಂಡು, ಒಬ್ಬ ಕಬ್ಬು, ಇನ್ನೊಬ್ಬ ಭತ್ತ ಬೆಳೆಯುತ್ತಾನೆ. ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತಿದ್ದರೆ ಪೌತಿ ಖಾತೆಯ ನೆನಪು ಯಾರಿಗೆ? ಗೆಜ್ಜಲಗೆರೆಯಂಥ ಊರಿನಲ್ಲಿ ಆ ನೆನಪು ಬೇಗ ಬರುತ್ತದೆ. ಪಕ್ಕದಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿ, ಮನ್‌ಮುಲ್ ಡೇರಿ, ಕೈಗಾರಿಕಾ ಪ್ರದೇಶ. ಭೂಸ್ವಾಧೀನದ ನೋಟಿಸು ಬಂದರೆ ವಂಶವೃಕ್ಷ ಬರೆಸಬೇಕು. ಕೊಟ್ಟ ಹೆಣ್ಣುಮಕ್ಕಳ ಹೆಸರೂ ಆಗ ಹೊರಬರುತ್ತದೆ.

ಇಂಗ್ಲೆಂಡಿನ ಜಮೀನ್ದಾರ ಮನೆತನಗಳಿಗೆ ಈ ತಾಪತ್ರಯವಿರಲಿಲ್ಲ. ಉಯಿಲಿಲ್ಲದಿದ್ದರೆ ಭೂಮಿ ಹಿರಿಯ ಮಗನಿಗೆ. ಅವನೂ ಮಾರದಂತೆ ಪತ್ರ ಮಾಡಿಟ್ಟಿರುತ್ತಿದ್ದರು. ಹಿರಿಯ ಮಗನಿಗೇ ಹೋಗುವ ನಿಯಮ 1925ರ ಕಾಯಿದೆ ಬರುವವರೆಗೂ ಇತ್ತು. ಅಲ್ಲಿ ಎಸ್ಟೇಟು ಉಳಿಯಿತು, ಕಿರಿಯರು ಸೈನ್ಯಕ್ಕೋ ಚರ್ಚಿಗೋ ಹೋದರು. ಇಲ್ಲಿ ಮಕ್ಕಳು ಊರಲ್ಲೇ ಉಳಿದರು, ಎಕರೆ ಗುಂಟೆಗಿಳಿಯಿತು. ಮಕ್ಕಳೆಂದರೆ ಗಂಡುಮಕ್ಕಳು, ಬಿಡಿ.

ಕಾನೂನು ಹಾಗೆನ್ನಲಿಲ್ಲ. 1933ರಲ್ಲೇ ಮೈಸೂರು ಸಂಸ್ಥಾನ ಕಾಯಿದೆ ತಂದು, ವಿಭಾಗವಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದಿಷ್ಟು ಪಾಲು ಕೊಟ್ಟಿತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಸಮಪಾಲು ಎಂದಿತು, ಆದರೆ ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಆ ತಡೆಯನ್ನು ತೆಗೆದದ್ದು 2005ರ ಕೇಂದ್ರ ತಿದ್ದುಪಡಿ. ಅದಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾಗದಪತ್ರದ ಸಮೇತ ಆಗಿಹೋದ ವಿಭಾಗವನ್ನು ಕೆದಕುವಂತಿಲ್ಲ. ಬರೀ ಬಾಯಿಮಾತಿನ ವಿಭಾಗವೆಂದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ತಮಾಷೆ ನೋಡಿ. ತಾಲ್ಲೂಕು ಕಚೇರಿಗೆ ಅಲೆಯಲಾರದೆ ಅಣ್ಣತಮ್ಮಂದಿರು ಪಹಣಿಯನ್ನು ತಾತನ ಹೆಸರಲ್ಲೇ ಬಿಟ್ಟದ್ದು, ತಂಗಿಯ ಪಾಲನ್ನು ಕಾಯ್ದಿದೆ. ಯಾವ ಹಿತೈಷಿಯೂ ಇಷ್ಟು ನಿಷ್ಠೆಯಿಂದ ಕಾಯುತ್ತಿರಲಿಲ್ಲ!

ಹಾಗೆ ಉಳಿದ ಪಾಲನ್ನು ಅವಳು ಹಕ್ಕು ಬಿಡುಗಡೆ ಪತ್ರದಲ್ಲಿ ಬಿಟ್ಟುಕೊಡುತ್ತಾಳೆ. ಅರಿಶಿನ ಕುಂಕುಮಕ್ಕೆಂದು ಅಷ್ಟೋ ಇಷ್ಟೋ ಕೈಗಿಡುತ್ತಾರೆ. ಕೇಳಿದರೆ ಹಬ್ಬಕ್ಕೆ ಕರೆಯುವವರು ಯಾರು ಎಂಬ ಅಳುಕು ಅವಳದು. ಇದ್ದ ಎರಡು ಎಕರೆಯನ್ನು ಇನ್ನೂ ಹರಿದರೆ ಬೇಸಾಯ ಕೆಡುತ್ತದೆ ಎಂಬ ಅಣ್ಣಂದಿರ ಮಾತು ಸುಳ್ಳಲ್ಲ. ಆದರೆ ಭೂಸ್ವಾಧೀನದ ಪರಿಹಾರ ಗದ್ದೆಯಲ್ಲ, ದುಡ್ಡು. ಐದು ಪಾಲು ಮಾಡಿದರೂ ಅದರಲ್ಲಿ ಯಾವ ಬೆಳೆಯೂ ಕೆಡುವುದಿಲ್ಲ. ರುಜು ಹಾಕಿಸಿಕೊಳ್ಳುವ ಅವಸರ ಮಾತ್ರ ಆ ದುಡ್ಡು ಬರುವ ಮುಂಚೆಯೇ ಹೆಚ್ಚು.