ಬಾಯಿ ಮುಚ್ಚಿಸಿದರೆ ತಪ್ಪು ಹೋದೀತೇ?



ಕೊಯಮತ್ತೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ನಮ್ಮ ಯುವಜನರಿಗೆ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆ ಹೊಸದಲ್ಲ. ವೆಬ್‌ಸೈಟ್‌ಗಳನ್ನು ನಡೆಸುವ ಈ ಭಾಷೆಯಲ್ಲಿ, ಇ-ಮೇಲ್ ವಿಳಾಸದ ನಡುವೆ ಬರುವ 'ಅಟ್' ಚಿಹ್ನೆಗೆ ಬೇರೊಂದು ಕೆಲಸವಿದೆ. ಒಂದು ಆಜ್ಞೆಯ ಮುಂದೆ ಅದನ್ನಿಟ್ಟರೆ, ಅಲ್ಲಿ ತಪ್ಪು ನಡೆದರೂ ಕಂಪ್ಯೂಟರ್ ಸುಮ್ಮನಿರುತ್ತದೆ. ತಪ್ಪಿನ ಬಾಯಿಯನ್ನು ಹೀಗೆ ಮುಚ್ಚಿಸುವುದು ಸರಿಯೇ?

ಮರೆಮಾಡುವುದೆಲ್ಲ ಸುಳ್ಳಾಗುವುದಿಲ್ಲ. ಪಿಎಚ್‌ಪಿಯಲ್ಲಿ ಮೂರು ಬೇರೆ ಬೇರೆ ಸೆಟ್ಟಿಂಗ್‌ಗಳಿವೆ: ಯಾವ ಬಗೆಯ ತಪ್ಪುಗಳನ್ನು ವರದಿ ಮಾಡಬೇಕು, ಅವನ್ನು ಪರದೆಯ ಮೇಲೆ ತೋರಿಸಬೇಕೇ, ದಾಖಲೆಯ ಕಡತದಲ್ಲಿ ಬರೆದಿಡಬೇಕೇ. ಜನರು ಬಳಸುವ ವೆಬ್‌ಸೈಟಿನಲ್ಲಿ ಪರದೆಗೆ ಬೇಡ, ಕಡತಕ್ಕೆ ಬೇಕು ಎನ್ನುವುದೇ ಒಳ್ಳೆಯ ಕ್ರಮ. ಬಂದವರಿಗೆಲ್ಲ ಒಳಗಿನ ವಿವರ ತೋರಿಸಿದರೆ ಕೇಡು ಬಯಸುವವರಿಗೆ ನಾವೇ ದಾರಿ ತೋರಿದಂತೆ. ತಪ್ಪು ಊರಿಗೆಲ್ಲ ಕೇಳಬೇಕಾಗಿಲ್ಲ, ತಿದ್ದಬೇಕಾದವರಿಗೆ ಕೇಳಿದರೆ ಸಾಕು.

'ಅಟ್' ಚಿಹ್ನೆ ಆ ಒಂದು ಸಾಲಿನ ಮಟ್ಟಿಗೆ ವರದಿಯನ್ನೇ ತಡೆಯುತ್ತದೆ. ಆಗ ಪರದೆಯಲ್ಲೂ ಏನಿಲ್ಲ, ಕಡತದಲ್ಲೂ ಏನಿಲ್ಲ. ಹಿಂದೆ, ಕೆಲಸವನ್ನೇ ನಿಲ್ಲಿಸಿಬಿಡುವ ಮಾರಕ ತಪ್ಪು ಕೂಡ ಹೀಗೆ ಅಡಗುತ್ತಿತ್ತು. ಪುಟ ಬರೀ ಬಿಳಿಯಾಗಿ ನಿಲ್ಲುತ್ತಿತ್ತು, ಕಾರಣ ಎಲ್ಲೂ ಸಿಗುತ್ತಿರಲಿಲ್ಲ. 2020ರ ನವೆಂಬರ್‌ನಲ್ಲಿ ಬಂದ 8ನೆಯ ಆವೃತ್ತಿಯಿಂದ ಈಚೆಗೆ ಮಾರಕ ತಪ್ಪುಗಳನ್ನು ಈ ಚಿಹ್ನೆಯಿಂದ ಅಡಗಿಸಲಾಗದು. ಇನ್ನೊಂದು ವಿಷಯವೂ ಇದೆ. ಎಚ್ಚರಿಕೆಯಂಥ ತಪ್ಪುಗಳನ್ನು ಗಮನಿಸಲೆಂದೇ ಒಂದು ಕಾವಲು ಕಾರ್ಯಕ್ರಮವನ್ನು ಬರೆದಿಟ್ಟಿದ್ದರೆ, 'ಅಟ್' ಇದ್ದರೂ ಅದಕ್ಕೆ ಸುದ್ದಿ ತಲುಪುತ್ತದೆ. ಕಿವಿಗೊಡಬೇಕೇ ಬೇಡವೇ ಎಂಬುದು ಅದನ್ನು ಬರೆದವರ ತೀರ್ಮಾನ. ನಮ್ಮ ಆತ್ಮಸಾಕ್ಷಿಯೂ ಹೀಗೆಯೇ ಅಲ್ಲವೇ? ಅದಕ್ಕೆ ಸುದ್ದಿ ಬರುವುದನ್ನು ತಡೆಯಲಾರೆವು, ಕೇಳದಂತೆ ಇರಬಲ್ಲೆವು.

ಕಂಪ್ಯೂಟರಿನ ಹೊರಗೂ ಇದೇ ಲೆಕ್ಕ. ನಮ್ಮ ನೊಯ್ಯಲ್ ನದಿಯನ್ನೇ ನೋಡಿ. ತಿರುಪ್ಪೂರಿನ ಡೈಯಿಂಗ್ ಘಟಕಗಳ ಬಣ್ಣದ ನೀರು ಹರಿದು ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತಿತು. ನೀರಾವರಿಗೆಂದು ಕಟ್ಟಿದ ಅಣೆ ಕೊಳಕು ನೀರಿನ ತೊಟ್ಟಿಯಾಯಿತು. ಬನಿಯನ್ ಕೊಂಡ ದೂರದ ಗಿರಾಕಿಗೆ ಅದು ಕಾಣಲಿಲ್ಲ, ಕೆಳಗಿನ ಹೊಲದವರಿಗೆ ಕಂಡಿತು. ಎಚ್ಚರಿಕೆ ವರ್ಷಗಳ ಹಿಂದೆಯೇ ಬಂದಿತ್ತು. ರೈತರು ನ್ಯಾಯಾಲಯಕ್ಕೆ ಹೋದರು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಿತು. ಆಗ ಕೂಲಿ ಕಳೆದುಕೊಂಡವರು ಸಾವಿರಾರು ಕಾರ್ಮಿಕರು. ನೀರನ್ನು ಹೇಗೆ ಬಿಡಬೇಕೆಂದು ತೀರ್ಮಾನಿಸಿದವರು ಅವರಾಗಿರಲಿಲ್ಲ.

ಮನೆಯಲ್ಲಾಗಲಿ, ಸಂಘದಲ್ಲಾಗಲಿ, ಕಾರ್ಖಾನೆಯಲ್ಲಾಗಲಿ, ಒಂದು ತಪ್ಪನ್ನು ಮುಚ್ಚುವ ಮುಂಚೆ ಇಷ್ಟು ಕೇಳಿಕೊಳ್ಳೋಣ: ತಿದ್ದಬೇಕಾದವರಿಗೆ ಇದು ತಲುಪಿದೆಯೇ? ತಲುಪಿದ್ದರೆ ಉಳಿದವರ ಮುಂದೆ ನಾವು ಸುಮ್ಮನಿರುವುದು ಮರ್ಯಾದೆ. ತಲುಪದಿದ್ದರೆ, ಆ ಮೌನದ ಬೆಲೆಯನ್ನು ಎಂದಾದರೊಂದು ದಿನ ಏನೂ ತಿಳಿಯದ ಇನ್ನೊಬ್ಬರು ತೆರಬೇಕಾಗುತ್ತದೆ.