ದೇವರ ಕೆಲಸ ಮತ್ತು ಮನೆಯ ಋಣ

'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಊರ ಪಂಚಾಯಿತಿ, ಸಂಘ, ಸಭೆ ಎಂದು ತಿರುಗುತ್ತಾ ಮನೆಯ ಒಲೆ ಉರಿಯಿತೋ ಇಲ್ಲವೋ ಎಂದು ವಿಚಾರಿಸದವರನ್ನು ಕುರಿತು ಹಿರಿಯರು ಆಡಿದ ಮಾತಿದು. ಆದರೆ ಊರಿಗೆ ಮಾಡುವ ಉಪಕಾರ ದೇವರ ಹೆಸರಿನಲ್ಲಿ ನಡೆಯುವಾಗ ಈ ಗಾದೆಯನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಧೈರ್ಯ ಬರುವುದಿಲ್ಲ. ಪ್ರಾರ್ಥನಾ ಕೂಟಕ್ಕೆ ಹೊರಟವರನ್ನು ತಡೆಯುವುದು ಹೇಗೆ? ಪ್ರಭುವಿನ ಕಾರ್ಯಕ್ಕೆ ಅಡ್ಡಿಯಾದೆನೆಂಬ ಪಾಪಪ್ರಜ್ಞೆಯನ್ನು ಹೊರಲು ಯಾವ ಮಡದಿ, ಯಾವ ಮಗು ಸಿದ್ಧವಿದ್ದೀತು? ಈ ಪ್ರಶ್ನೆಯನ್ನು, ವಿಶೇಷವಾಗಿ ಕಾಲೇಜು ವಿದ್ಯಾರ್ಥಿಗಳ ನಡುವೆ ಸೇವೆ ಸಲ್ಲಿಸುತ್ತಿರುವ ನಮ್ಮ ಕುಟುಂಬಗಳನ್ನು ಕಣ್ಣ ಮುಂದಿಟ್ಟುಕೊಂಡು, ಸ್ವಲ್ಪ ಆಳವಾಗಿ ಚಿಂತಿಸುವುದು ಒಳಿತು.

ಹಿಂದೆ ಈ ಸಮಸ್ಯೆ ಇಷ್ಟು ತೀಕ್ಷ್ಣವಾಗಿರಲಿಲ್ಲ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, ಬೆಂಗಳೂರಿನಲ್ಲಿ 1882ರಲ್ಲಿ ಸಂತ ಜೋಸೆಫರ ಕಾಲೇಜು ಆರಂಭವಾದ ಕಾಲದಿಂದ ಬಹುಕಾಲದವರೆಗೆ ವಿದ್ಯಾರ್ಥಿಗಳ ಆತ್ಮಿಕ ಪಾಲನೆ ಮುಖ್ಯವಾಗಿ ಗುರುಗಳ ಹಾಗೂ ಧರ್ಮಭಗಿನಿಯರ ಹೊಣೆಯಾಗಿತ್ತು. ನಾವು ಐಕಫ್ ಎಂದು ಕರೆಯುವ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾನಿಲಯ ಒಕ್ಕೂಟವನ್ನು 1924ರಲ್ಲಿ ಆರಂಭಿಸಿದವರೂ ಯೇಸುಸಭೆಯ ಫಾದರ್ ಕಾರ್ಟಿಯವರು. ಗುರುಗಳಿಗೆ ಹೆಂಡತಿ ಮಕ್ಕಳಿಲ್ಲ. ರಾತ್ರಿ ಹತ್ತಕ್ಕೆ ವಿದ್ಯಾರ್ಥಿಯೊಬ್ಬ ಬಾಗಿಲು ತಟ್ಟಿದರೆ ಒಳಗೆ ಯಾರ ನಿದ್ದೆಯೂ ಕೆಡುವುದಿಲ್ಲ. ಇಂದು ಪರಿಸ್ಥಿತಿ ಬೇರೆ. ನಮ್ಮ ಎಷ್ಟೋ ಮಕ್ಕಳು ಓದುವುದು ಕಥೋಲಿಕ ಸಂಸ್ಥೆಗಳಲ್ಲಲ್ಲ. ನಗರದ ನಾನಾ ಇಂಜಿನಿಯರಿಂಗ್, ನರ್ಸಿಂಗ್ ಕಾಲೇಜುಗಳಲ್ಲಿ. ಅವರು ವಾಸಿಸುವುದು ಪಿ.ಜಿ.ಗಳಲ್ಲಿ. ಅವರನ್ನು ಹುಡುಕಿಕೊಂಡು ಹೋಗುವವರಲ್ಲಿ ಅನೇಕರು ಸಂಸಾರಸ್ಥರಾದ ಶ್ರೀಸಾಮಾನ್ಯರು. ಕೇರಳದಲ್ಲಿ 1980ರ ದಶಕದಲ್ಲಿ ಹುಟ್ಟಿ, 2016ರಲ್ಲಿ ವ್ಯಾಟಿಕನ್ನಿನ ಅಧಿಕೃತ ಮನ್ನಣೆ ಪಡೆದ ಜೀಸಸ್ ಯೂತ್ ಚಳವಳಿಯಲ್ಲಿಯೂ ಯುವಜನರೊಂದಿಗೆ ಅನೇಕ ಕುಟುಂಬಗಳು ದುಡಿಯುತ್ತಿವೆ. ಇದು ಧರ್ಮಸಭೆಗೆ ದೊರೆತ ದೊಡ್ಡ ವರದಾನ. ಆದರೆ ವರದಾನಕ್ಕೂ ಬೆಲೆ ತೆರುವವರು ಒಬ್ಬರಿರುತ್ತಾರೆ. ಆ ಬೆಲೆಯನ್ನು ತೆರುತ್ತಿರುವವರು ಯಾರು?

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಪತಿ ಕಾಲೇಜು ಅಧ್ಯಾಪಕರು. ಪತ್ನಿ ಆಸ್ಪತ್ರೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುವ ನರ್ಸ್. ಮನೆಯಲ್ಲಿ ಒಂಬತ್ತನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ, ಸಕ್ಕರೆ ಕಾಯಿಲೆಯ ಅಜ್ಜ. ಶುಕ್ರವಾರ ಸಂಜೆ ವಿದ್ಯಾರ್ಥಿಗಳ ಪ್ರಾರ್ಥನಾ ಕೂಟ, ಶನಿವಾರ ತಂಡದ ಸಭೆ, ಭಾನುವಾರ ಬಲಿಪೂಜೆಯ ನಂತರ ಹಾಸ್ಟೆಲ್ ಭೇಟಿ, ದಸರಾ ರಜೆಯಲ್ಲಿ ಮೂರು ದಿನಗಳ ಶಿಬಿರ. ಊಟಕ್ಕೆ ಕುಳಿತಾಗಲೂ ಮೊಬೈಲಿನಲ್ಲಿ ಸಂದೇಶಗಳ ಸದ್ದು. ಇವರಿಂದ ಧೈರ್ಯ ಪಡೆದ, ದುಶ್ಚಟದಿಂದ ಬಿಡುಗಡೆ ಹೊಂದಿದ ತರುಣರು ಎಷ್ಟೋ ಮಂದಿ ಇದ್ದಾರೆ. ಇವರ ಸೇವೆ ಸುಳ್ಳಲ್ಲ. ಒಂದು ರಾತ್ರಿ ಮಗಳು ಕೇಳುತ್ತಾಳೆ: "ಅಪ್ಪಾ, ನಾನೂ ಹಾಸ್ಟೆಲಿಗೆ ಸೇರಿದರೆ ನನ್ನ ಜೊತೆಗೂ ನೀವು ಇಷ್ಟು ಹೊತ್ತು ಮಾತನಾಡುತ್ತೀರಾ?"

ಈ ಪ್ರಶ್ನೆಗೆ ಗಡಿಯಾರ ನೋಡಿ ಉತ್ತರಿಸಲು ಬರುವುದಿಲ್ಲ. 'ಸೇವೆಗಿಷ್ಟು ಗಂಟೆ, ಸಂಸಾರಕ್ಕಿಷ್ಟು ಗಂಟೆ' ಎಂದು ತಕ್ಕಡಿಯಲ್ಲಿ ತೂಗುವುದನ್ನೇ ಸಮತೋಲನ ಎಂದು ನಾವು ಭಾವಿಸುತ್ತೇವೆ. ಒಂದು ತಟ್ಟೆಯಲ್ಲಿ ದೇವರು, ಇನ್ನೊಂದು ತಟ್ಟೆಯಲ್ಲಿ ಮನೆ ಎಂದು ಇಟ್ಟ ಕ್ಷಣವೇ ಮನೆ ಸೋತಿರುತ್ತದೆ. ದೇವರೊಂದಿಗೆ ತೂಗಿ ಗೆಲ್ಲುವವರು ಯಾರಿದ್ದಾರೆ? ತಪ್ಪಿರುವುದು ತೂಕದಲ್ಲಲ್ಲ, ದೇವರನ್ನು ಒಂದೇ ತಟ್ಟೆಯಲ್ಲಿ ಇಟ್ಟದ್ದರಲ್ಲಿ.

ಪ್ರಭು ಕ್ರಿಸ್ತರೇ ಇದನ್ನು ಒಮ್ಮೆ ನಿಷ್ಠುರವಾಗಿ ಬಿಡಿಸಿ ಹೇಳಿದ್ದಾರೆ. ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ 'ಕೊರ್ಬಾನ್' ಎಂಬ ಪದ ಬರುತ್ತದೆ. ದೇವರಿಗೆ ಮುಡಿಪಾದ ಕಾಣಿಕೆ ಎಂಬುದು ಅದರ ಅರ್ಥ. ವೃದ್ಧ ತಂದೆತಾಯಿಗಳ ಪೋಷಣೆಗೆ ಸಲ್ಲಬೇಕಾದುದನ್ನು 'ಇದು ಕೊರ್ಬಾನ್' ಎಂದು ಘೋಷಿಸಿದರೆ, ಮಗನು ಆ ಹೊಣೆಯಿಂದ ಪಾರಾಗುತ್ತಿದ್ದನು. ಹೀಗೆ ಸಂಪ್ರದಾಯದ ನೆವದಿಂದ ದೇವರ ಆಜ್ಞೆಯನ್ನೇ ನಿರರ್ಥಕಗೊಳಿಸುತ್ತಿದ್ದೀರಿ ಎಂದು ಯೇಸುಸ್ವಾಮಿ ಫರಿಸಾಯರನ್ನು ಖಂಡಿಸಿದರು. ಕಾಣಿಕೆ ಕೊಡುವುದು ಪಾಪವಲ್ಲ. ಆದರೆ ಈಗಾಗಲೇ ಇನ್ನೊಬ್ಬರಿಗೆ ಸಲ್ಲಬೇಕಾದ ಋಣವನ್ನು ಕಾಣಿಕೆಯನ್ನಾಗಿ ಮಾಡಿ ಅರ್ಪಿಸುವುದು ದೇವರಿಗೆ ಒಪ್ಪಿಗೆಯಲ್ಲ. ನಮ್ಮ ಕಾಲದಲ್ಲಿ ಹಣಕ್ಕಿಂತ ಹೆಚ್ಚಾಗಿ ಸಮಯವೇ ಕೊರ್ಬಾನ್ ಆಗುತ್ತಿದೆ. ವಿವಾಹ ಸಂಸ್ಕಾರದ ದಿನ ಪೀಠದ ಮುಂದೆ ನಿಂತು ಪತಿಪತ್ನಿಯರು ಒಬ್ಬರಿಗೊಬ್ಬರು ತಮ್ಮನ್ನೇ ಕೊಟ್ಟುಕೊಂಡಿದ್ದಾರೆ. ಹಾಗೆ ಕೊಟ್ಟ ಮೇಲೆ ತಮ್ಮ ಸಂಜೆಗಳ ಮೇಲೆ ತಮಗೊಬ್ಬರಿಗೇ ಪೂರ್ಣ ಹಕ್ಕಿದೆಯೆಂದು ಯಾರೂ ಭಾವಿಸುವಂತಿಲ್ಲ.

ಇಲ್ಲಿ ಓದುಗರು ಒಂದು ನ್ಯಾಯವಾದ ಆಕ್ಷೇಪವನ್ನು ಎತ್ತಬಹುದು. ತನಗಿಂತ ತಂದೆತಾಯಿಗಳನ್ನಾಗಲಿ ಮಕ್ಕಳನ್ನಾಗಲಿ ಹೆಚ್ಚಾಗಿ ಪ್ರೀತಿಸುವವನು ತನಗೆ ಯೋಗ್ಯನಲ್ಲವೆಂದು ಅದೇ ಪ್ರಭು ಮತ್ತಾಯನ ಶುಭಸಂದೇಶದಲ್ಲಿ ಹೇಳಲಿಲ್ಲವೇ? ಹೇಳಿದರು, ಅದನ್ನು ನಾವು ತೆಳುಗೊಳಿಸುವಂತಿಲ್ಲ. ಕುಟುಂಬವನ್ನೇ ದೇವರನ್ನಾಗಿ ಮಾಡಿಕೊಂಡವರಿಗೆ ಆ ಮಾತು ಇಂದಿಗೂ ಬಾಣದಂತೆ ನಾಟಬೇಕು. ಮಗನ ಟ್ಯೂಷನ್, ಮಗಳ ಅಂಕಪಟ್ಟಿ, ಹೊಸ ಮನೆಯ ಸಾಲ, ಇವುಗಳಾಚೆಗೆ ಏನನ್ನೂ ಕಾಣದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ದೇವರನ್ನು ಹೆಚ್ಚಾಗಿ ಪ್ರೀತಿಸುವುದೆಂದರೆ ಸಮಿತಿಯ ಸಭೆಗಳಲ್ಲಿ ಹೆಚ್ಚು ಹೊತ್ತು ಕುಳಿತುಕೊಳ್ಳುವುದು ಎಂದು ಪ್ರಭು ಎಲ್ಲಿಯೂ ಹೇಳಲಿಲ್ಲ. ಕೆಲವೊಮ್ಮೆ ಮನೆಗಿಂತ ವೇದಿಕೆಯೇ ನಮಗೆ ಸುಖಕರ. ಅಲ್ಲಿ ಗೌರವವಿದೆ, ಕೃತಜ್ಞತೆಯಿದೆ. ಮನೆಯಲ್ಲಿ ಅಜ್ಜನ ಕಾಲಿನ ಗಾಯವನ್ನು ತೊಳೆದುದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ದೇವರಿಗಾಗಿ ಮನೆಯನ್ನು ತೊರೆಯುವುದು ಬೇರೆ. ಮನೆಯಿಂದ ತಪ್ಪಿಸಿಕೊಳ್ಳಲು ದೇವರನ್ನು ಆಶ್ರಯಿಸುವುದು ಬೇರೆ.

ಹಾಗಾದರೆ ಯಾರಿಗೆ ಮೊದಲು? ಧರ್ಮಸಭೆಯ ಪಂಡಿತರು ಈ ಪ್ರಶ್ನೆಯನ್ನು ಹಿಂದೆಯೇ ಎದುರಿಸಿದ್ದಾರೆ. ಎಲ್ಲರನ್ನೂ ಪ್ರೀತಿಸಬೇಕು, ಆದರೆ ಎಲ್ಲರಿಗೂ ನೆರವಾಗುವುದು ಸಾಧ್ಯವಿಲ್ಲದ್ದರಿಂದ ಸ್ಥಳ, ಕಾಲ, ಸನ್ನಿವೇಶಗಳ ಮೂಲಕ ನಮಗೆ ಹತ್ತಿರವಾಗಿ ಒದಗಿಬಂದವರನ್ನು ವಿಶೇಷವಾಗಿ ನೋಡಿಕೊಳ್ಳಬೇಕು ಎಂಬುದು ಸಂತ ಅಗಸ್ಟೀನರ ಉಪದೇಶ. 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಪ್ರೀತಿಗೂ ಒಂದು ಕ್ರಮವಿದೆ ಎಂದು ವಿವರಿಸುತ್ತಾ, ಆಪ್ತರಿಗೆ ನಾವು ಹೆಚ್ಚು ಋಣಿಗಳು ಎಂದರು. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಅಪರಿಚಿತನೊಬ್ಬನು ತೀವ್ರ ಸಂಕಟದಲ್ಲಿದ್ದು, ನಮ್ಮ ತಂದೆಗೆ ಅಂಥ ತುರ್ತು ಇಲ್ಲದಿದ್ದರೆ, ಆಗ ಅಪರಿಚಿತನಿಗೇ ಮೊದಲು ನೆರವಾಗಬೇಕೆಂದೂ ಹೇಳಿದರು. ಈ ವಿವೇಕ ನಮಗೆ ದಾರಿದೀಪವಾಗಲಿ. ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ, ಬದುಕೇ ಬೇಡವೆಂದು ತರುಣನೊಬ್ಬ ನಡುರಾತ್ರಿ ಕರೆ ಮಾಡಿದರೆ ಮನೆಯವರೆಲ್ಲರ ನಿದ್ದೆ ಕೆಟ್ಟರೂ ಎದ್ದು ಹೋಗಬೇಕು. ಮಕ್ಕಳು ಅದನ್ನು ಅರ್ಥಮಾಡಿಕೊಳ್ಳುತ್ತಾರೆ, ಅದರಿಂದ ಕಲಿಯುತ್ತಾರೆ ಕೂಡ. ಆದರೆ ಶಿಬಿರದ ಬ್ಯಾನರಿನ ಬಣ್ಣವನ್ನು ಚರ್ಚಿಸುವ ಕರೆ ತುರ್ತಲ್ಲ. ಎಲ್ಲವನ್ನೂ ತುರ್ತು ಎಂದು ಕರೆದವರಿಗೆ ನಿಜವಾದ ತುರ್ತಿನ ದಿನ ಮನೆಯವರಿಂದ ಅನುಮತಿ ಕೇಳುವ ನೈತಿಕ ಬಲ ಉಳಿದಿರುವುದಿಲ್ಲ.

ವಿಮೋಚನಾಕಾಂಡದ 18ನೆಯ ಅಧ್ಯಾಯವನ್ನು ಸೇವಾನಿರತ ದಂಪತಿಗಳು ಜೊತೆಯಾಗಿ ಓದಬೇಕು. ನಾಯಕರು ಕೆಲಸ ಹಂಚಬೇಕೆಂಬ ಪಾಠಕ್ಕಾಗಿ ಈ ಭಾಗವನ್ನು ಉಲ್ಲೇಖಿಸುವುದುಂಟು. ಅದರ ಆರಂಭವನ್ನು ಗಮನಿಸುವವರು ಕಡಿಮೆ. ಮಾವನಾದ ಇತ್ರೋ ಮರುಭೂಮಿಗೆ ಬರಿಗೈಯಲ್ಲಿ ಬರುವುದಿಲ್ಲ. ತವರಿಗೆ ಕಳುಹಿಸಲ್ಪಟ್ಟಿದ್ದ ಮೋಶೆಯ ಪತ್ನಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬರುತ್ತಾನೆ. ಮೋಶೆ ಮಾವನಿಗೆ ನಮಸ್ಕರಿಸಿದನು, ಮುದ್ದಿಟ್ಟನು, ಕ್ಷೇಮ ವಿಚಾರಿಸಿದನು ಎಂದು ಗ್ರಂಥ ಹೇಳುತ್ತದೆ. ಪತ್ನಿ ಮಕ್ಕಳೊಡನೆ ಏನು ಮಾತನಾಡಿದನೆಂದು ಹೇಳುವುದಿಲ್ಲ. ಮರುದಿನವೇ ಆತನು ಬೆಳಗಿನಿಂದ ಸಂಜೆಯವರೆಗೆ ಜನರ ನ್ಯಾಯ ತೀರಿಸಲು ಕುಳಿತುಬಿಡುತ್ತಾನೆ. ಅದನ್ನು ಕಂಡ ಮಾವ, ನೀನು ಮಾಡುತ್ತಿರುವುದು ಸರಿಯಲ್ಲ, ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರು, ಯೋಗ್ಯರನ್ನು ಆರಿಸಿ ಹೊಣೆಯನ್ನು ಹಂಚು ಎಂದು ಬುದ್ಧಿ ಹೇಳುತ್ತಾನೆ. ಮಗಳ ತಂದೆಯ ಬಾಯಿಂದ ಬಂದ ಮಾತದು. ದೇವರೊಡನೆ ಮುಖಾಮುಖಿ ಮಾತನಾಡುತ್ತಿದ್ದ ಮೋಶೆ ಆ ಮಾತನ್ನು ತಿರಸ್ಕರಿಸಲಿಲ್ಲ. ನಾನಿಲ್ಲದಿದ್ದರೆ ಈ ವಿದ್ಯಾರ್ಥಿಗಳ ಗತಿಯೇನು ಎನ್ನುವವರು ಇದನ್ನು ನೆನೆಯಬೇಕು. ಅಲ್ಲದೆ ಮಗು ಹುಟ್ಟಿದ ವರ್ಷ, ಮನೆಯಲ್ಲಿ ಕಾಯಿಲೆ ಬಿದ್ದ ವರ್ಷ, ಮಕ್ಕಳು ಹದಿಹರೆಯಕ್ಕೆ ಕಾಲಿಟ್ಟ ವರ್ಷ, ಈ ಕಾಲಗಳಲ್ಲಿ ಸೇವೆಯ ಹೊರೆಯನ್ನು ಇಳಿಸಿಕೊಳ್ಳುವುದು ಹಿನ್ನಡೆಯಲ್ಲ. ಬಿತ್ತುವುದಕ್ಕೆ ಒಂದು ಕಾಲ, ಹೊಲವನ್ನು ಹದಕ್ಕೆ ಬಿಡುವುದಕ್ಕೆ ಒಂದು ಕಾಲ ಎಂಬುದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮನೆಯ ಬಾಗಿಲು ಹಾಕಿಕೊಳ್ಳಿ ಎಂಬುದೇ ಉತ್ತರವೇ? ಖಂಡಿತ ಅಲ್ಲ. ಹಾಸನದಿಂದಲೋ ಕೊಡಗಿನಿಂದಲೋ ಬೆಂಗಳೂರಿಗೆ ಓದಲು ಬಂದ ಹುಡುಗಿಯೊಬ್ಬಳು ಭಾನುವಾರ ಒಬ್ಬಳೇ ಕುಳಿತಿರುವಾಗ ಅವಳಿಗೆ ಬೇಕಾಗಿರುವುದು ಇನ್ನೊಂದು ಉಪನ್ಯಾಸವಲ್ಲ, ಒಂದು ಮನೆ. ಮುಂದಿನ ವರ್ಷ ನಮ್ಮದೇ ಮಗಳು ಬೇರೊಂದು ಊರಿನ ಪಿ.ಜಿ.ಯಲ್ಲಿ ಇರಬಹುದು, ಅಲ್ಲಿ ಯಾರಾದರೂ ಅವಳನ್ನು ಊಟಕ್ಕೆ ಕರೆಯಲೆಂದು ನಾವೇ ಪ್ರಾರ್ಥಿಸುತ್ತೇವೆ. ಪ್ರೇಷಿತರ ಕಾರ್ಯಕಲಾಪಗಳ 18ನೆಯ ಅಧ್ಯಾಯದಲ್ಲಿ ಅಕ್ವಿಲ ಮತ್ತು ಪ್ರಿಸ್ಸಿಲ್ಲ ಎಂಬ ದಂಪತಿಗಳಿದ್ದಾರೆ. ಗುಡಾರ ಮಾಡುವುದು ಅವರ ಕಸುಬು. ಕೊರಿಂಥದಲ್ಲಿ ಸಂತ ಪೌಲರು ಅವರೊಡನೆ ತಂಗಿ ದುಡಿದರು. ಎಫೆಸದಲ್ಲಿ ಅಲೆಕ್ಸಾಂಡ್ರಿಯದ ಅಪೊಲ್ಲೋಸನೆಂಬ ವಿದ್ಯಾವಂತ ವಾಗ್ಮಿಯ ಬೋಧನೆಯಲ್ಲಿ ಕೊರತೆಯನ್ನು ಕಂಡಾಗ ಅವರು ಸಭೆಯ ನಡುವೆ ಅವನನ್ನು ಖಂಡಿಸಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು, ಇನ್ನೂ ಸ್ಪಷ್ಟವಾಗಿ ದೇವರ ಮಾರ್ಗವನ್ನು ತಿಳಿಸಿದರು. ಇದಕ್ಕಿಂತ ಉತ್ತಮವಾದ ಮಾದರಿ ಕಾಲೇಜು ತರುಣರ ಸೇವೆಗೆ ಬೇಕೇ? ಹೊಸ ಒಡಂಬಡಿಕೆಯಲ್ಲಿ ಆರು ಸಲ ಈ ದಂಪತಿಗಳ ಹೆಸರು ಬರುತ್ತದೆ. ಆರು ಸಲವೂ ಜೊತೆಯಾಗಿಯೇ ಬರುತ್ತದೆ. ಒಬ್ಬರು ಸೇವೆಗೆ ಹೋಗಿ ಇನ್ನೊಬ್ಬರು ಮನೆಯಲ್ಲಿ ಉಳಿದ ಚಿತ್ರ ಅಲ್ಲಿಲ್ಲ.

ಆದರೆ ಈ 'ಜೊತೆ' ಎಂಬ ಪದವನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿಕೊಳ್ಳೋಣ. ನಮ್ಮ ಮನೆ ಸದಾ ತೆರೆದ ಮನೆ ಎಂದು ಪತಿ ಹೆಮ್ಮೆಯಿಂದ ಹೇಳುವಾಗ, ಬಂದ ಹನ್ನೆರಡು ವಿದ್ಯಾರ್ಥಿಗಳಿಗೆ ಚಿತ್ರಾನ್ನ ಕಲಸಿದವರು ಯಾರು, ಅವರು ಹೋದ ಮೇಲೆ ಲೋಟಗಳನ್ನು ತೊಳೆದವರು ಯಾರು? ರಾತ್ರಿ ಪಾಳಿ ಮುಗಿಸಿ ಬಂದ ಪತ್ನಿಯನ್ನು ಕೇಳದೆ ನೀಡಿದ ಆತಿಥ್ಯದಲ್ಲಿ ಪತಿಯ ಉದಾರತೆ ಎಷ್ಟು, ಪತ್ನಿಯ ದುಡಿಮೆ ಎಷ್ಟು? ಆದ್ದರಿಂದ ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ದಂಪತಿಗಳು ಒಟ್ಟಿಗೆ ಕುಳಿತು, ಮಕ್ಕಳನ್ನೂ ಕೂರಿಸಿಕೊಂಡು, ಈ ವರ್ಷ ನಾವು ಎಷ್ಟನ್ನು ಕೊಡಬಲ್ಲೆವು ಎಂದು ಪ್ರಾರ್ಥನಾಪೂರ್ವಕವಾಗಿ ನಿರ್ಧರಿಸಲಿ. 'ಬೇಡ' ಎನ್ನುವ ಸ್ವಾತಂತ್ರ್ಯ ಇದ್ದಾಗ ಮಾತ್ರ 'ಆಗಲಿ' ಎಂಬ ಮಾತಿಗೆ ಬೆಲೆ. ವಾರದಲ್ಲಿ ಒಂದು ಸಂಜೆಯನ್ನಾದರೂ ಯಾವ ಕೂಟವೂ ಮುಟ್ಟದಿರಲಿ. ಆ ಸಂಜೆಯ ಜಪಸರ, ಆ ಸಂಜೆಯ ಹರಟೆ ಎರಡೂ ದೇವರ ಕೆಲಸವೇ.

ಗುರುಗಳಾದ ನಮಗೂ ಇಲ್ಲಿ ಕರ್ತವ್ಯವಿದೆ. ಉತ್ಸಾಹಿಗಳಾದ ನಾಲ್ಕು ಕುಟುಂಬಗಳು ಸಿಕ್ಕವೆಂದು ಧರ್ಮಕೇಂದ್ರದ ಎಲ್ಲ ಹೊಣೆಗಳನ್ನೂ ಅವರ ತಲೆಗೇ ಕಟ್ಟುವುದು ಸುಲಭ. ಕುಟುಂಬವನ್ನು 'ಗೃಹಸಭೆ' ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕರೆಯಿತು. ಆ ಗೃಹಸಭೆಯನ್ನು ಬರಿದು ಮಾಡಿ ಧರ್ಮಕೇಂದ್ರದ ಸಭೆಯನ್ನು ತುಂಬಿಸುವುದು ಒಂದು ಕಡೆಯ ದೀಪದ ಎಣ್ಣೆಯನ್ನು ಇನ್ನೊಂದಕ್ಕೆ ಸುರಿದಂತೆ. ಯಾರನ್ನಾದರೂ ಸೇವೆಗೆ ಆಹ್ವಾನಿಸುವ ಮೊದಲು ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದು ಕೇಳುವ, ಉತ್ತರಕ್ಕೆ ಕಾಯುವ ತಾಳ್ಮೆ ನಮ್ಮಲ್ಲಿರಬೇಕು.

ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಪಂಡಿತರ ನಡುವೆ ಕುಳಿತು ಪ್ರಶ್ನೆ ಕೇಳುತ್ತಿದ್ದುದನ್ನು ಲೂಕನು ವರ್ಣಿಸುತ್ತಾನೆ. ತಾನು ತನ್ನ ಪಿತನ ಆಲಯದಲ್ಲಿ ಇರಬೇಕಲ್ಲವೇ ಎಂದು ಆ ಬಾಲಕ ತಾಯಿಗೆ ಉತ್ತರಿಸಿದನು. ಅಲ್ಲಿಗೇ ಕಥೆ ನಿಂತಿದ್ದರೆ ಮನೆ ಬಿಟ್ಟವರೆಲ್ಲರಿಗೂ ಅದು ಸಮರ್ಥನೆಯಾಗುತ್ತಿತ್ತು. ಆದರೆ ಅದೇ ಬಾಲಕ ತಂದೆತಾಯಿಗಳೊಡನೆ ನಜರೇತಿಗೆ ಇಳಿದು ಹೋಗಿ ಅವರಿಗೆ ವಿಧೇಯನಾಗಿ ಬಾಳಿದನು. ಸುಮಾರು ಮೂವತ್ತು ವರ್ಷ ವಯಸ್ಸಾಗುವವರೆಗೆ ಲೋಕೋದ್ಧಾರಕನು ಆ ಮನೆಯಲ್ಲಿದ್ದನು. ಆ ವರ್ಷಗಳನ್ನು ಪಿತನ ಕಾರ್ಯದಿಂದ ಕದ್ದ ವರ್ಷಗಳೆಂದು ನಾವು ಯಾರೂ ಹೇಳಲಾರೆವು. ನಮ್ಮ ಮಕ್ಕಳು ಇಂದು ರಾತ್ರಿ ನಮ್ಮನ್ನು ಪ್ರಶ್ನೆ ಕೇಳಿದರೆ, ಫೋನನ್ನು ಬದಿಗಿಟ್ಟು, ಅವರ ಪಕ್ಕದಲ್ಲಿ ಕುಳಿತುಕೊಳ್ಳುವ ಕೃಪೆಯನ್ನು ನಜರೇತಿನ ಪವಿತ್ರ ಕುಟುಂಬ ನಮಗೆ ಬೇಡಿಕೊಡಲಿ.