ಬಿಲ್ಲಿಲ್ಲದ ಬೆಳಕಿನ ಋಣ

ಋಣವೆಂಬುದು ಹಣದ ಲೆಕ್ಕ ಮಾತ್ರವೆ? ಹಣ ಸಲ್ಲಿಸಿದೊಡನೆ ಋಣ ತೀರಿತೆಂದು ಹೇಳಬಹುದೆ? ಹಣವನ್ನು ಯಾರೂ ಕೇಳದೆ ಹೋದಾಗ ಋಣವೇ ಹುಟ್ಟಲಿಲ್ಲವೆಂದು ತಿಳಿಯಬಹುದೆ? ಇವು ಹಳೆಯ ಪ್ರಶ್ನೆಗಳು. ಹಿರಿಯರು ಇವುಗಳನ್ನು ಅನ್ನ, ನೀರು, ವಿದ್ಯೆಗಳ ವಿಷಯದಲ್ಲಿ ಕೇಳಿಕೊಂಡರು. 2023ರ ಆಗಸ್ಟ್ ತಿಂಗಳಿನಿಂದ ಇವೇ ಪ್ರಶ್ನೆಗಳು ಬೆಳಗಾವಿಯ ತಿಳಕವಾಡಿ, ಶಹಾಪುರಗಳ ಮನೆಗಳಿಗೂ ಖಾನಾಪುರದ ಕಾಡಂಚಿನ ಹಳ್ಳಿಗಳಿಗೂ ಪ್ರತಿ ತಿಂಗಳು ಒಂದು ಸಣ್ಣ ಚೀಟಿಯ ರೂಪದಲ್ಲಿ ಬರುತ್ತಿವೆ. ಚೀಟಿಯ ಕೊನೆಯಲ್ಲಿ ಸೊನ್ನೆ ಇರುತ್ತದೆ. ಓದುಗ ಬಂಧುಗಳೇ, ಆ ಸೊನ್ನೆಯನ್ನು ಸ್ವಲ್ಪ ನಿಧಾನವಾಗಿ ಓದೋಣ.

ಗೃಹಜ್ಯೋತಿ ಯೋಜನೆಯ ನಿಯಮ ಬಹುಮಂದಿಗೆ ತಿಳಿದೇ ಇದೆ. ತಿಂಗಳಿಗೆ ಇನ್ನೂರು ಯೂನಿಟ್ಟಿನವರೆಗೆ ಮನೆಯ ವಿದ್ಯುತ್ತಿಗೆ ಹಣವಿಲ್ಲ. ಆದರೆ ಎಲ್ಲರಿಗೂ ಇನ್ನೂರು ಯೂನಿಟ್ ದೊರೆಯುವುದಿಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿ ಅದರ ಪಾಲನ್ನು ಗೊತ್ತುಮಾಡಲಾಯಿತು. ಪಾಲು ಮೀರಿದರೆ ಹೆಚ್ಚಿನ ಅಷ್ಟಕ್ಕೆ ಹಣ ಕೊಡಬೇಕು, ಇನ್ನೂರು ಮೀರಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಇದರಲ್ಲಿ ಅಡಗಿರುವ ಒಂದು ವಿಚಿತ್ರವನ್ನು ಗಮನಿಸಬೇಕು. ಮಿತವಾಗಿ ಬದುಕಿ ಅರವತ್ತು ಯೂನಿಟ್ ಬಳಸುತ್ತಿದ್ದ ಮನೆಗೆ ಅರವತ್ತಾರು ಯೂನಿಟ್ಟಿನ ಪಾಲು ಬಂದಿತು. ಧಾರಾಳವಾಗಿ ನೂರಾ ಎಪ್ಪತ್ತು ಬಳಸುತ್ತಿದ್ದ ಮನೆಗೆ ನೂರಾ ಎಂಬತ್ತೇಳು ಬಂದಿತು. 2024ರ ಏಪ್ರಿಲ್‌ನಿಂದ ಮನೆಬಳಕೆಗೆ ನಿಗದಿಯಾಗಿದ್ದ ಯೂನಿಟ್ಟಿಗೆ 5 ರೂ. 90 ಪೈಸೆಯಂತೆ ಎಣಿಸಿದರೆ ಸರಕಾರವು ಆಗ ಮೊದಲನೆಯ ಮನೆಗಾಗಿ ತಿಂಗಳಿಗೆ ಸುಮಾರು 389 ರೂಪಾಯಿ ಕೊಡುತ್ತಿತ್ತು, ಎರಡನೆಯ ಮನೆಗಾಗಿ ಸುಮಾರು 1,103 ರೂಪಾಯಿ ಕೊಡುತ್ತಿತ್ತು. ಸಂಯಮಿಗೆ ಕಡಿಮೆ, ಭೋಗಿಗೆ ಹೆಚ್ಚು. ಈ ಕೊರತೆ ಸರಕಾರದ ಕಣ್ಣಿಗೂ ಬಿದ್ದಿತೆಂದು ತೋರುತ್ತದೆ. 2024ರ ಜನವರಿಯಲ್ಲಿ, ನಲವತ್ತೆಂಟು ಯೂನಿಟ್ಟಿಗಿಂತ ಕಡಿಮೆ ಸರಾಸರಿಯವರಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್‌ಗಳನ್ನೇ ಹೆಚ್ಚಿಗೆ ಕೊಡಲು ಸಚಿವ ಸಂಪುಟ ನಿರ್ಧರಿಸಿತು. ತೀರ ಬಡವರಿಗೆ ಇದರಿಂದ ಅನುಕೂಲವಾಯಿತು. ನಡುವಿನ ಮಿತವ್ಯಯಿಗಳ ಸ್ಥಿತಿ ಮಾತ್ರ ಹಾಗೆಯೇ ಉಳಿಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಎರಡು ದೀಪ, ಒಂದು ಫ್ಯಾನು, ಒಂದು ಮಿಕ್ಸರ್ ಇಟ್ಟುಕೊಂಡು ಮಕ್ಕಳನ್ನು ಓದಿಸುತ್ತಿರುವ ತಾಯಿಗೆ ತಿಂಗಳಿಗೆ ನಾಲ್ಕು ನೂರು ರೂಪಾಯಿ ಉಳಿದರೆ ಅದು ಔಷಧಕ್ಕೋ ಪುಸ್ತಕಕ್ಕೋ ಆಗುತ್ತದೆ. ಆಕೆಗೆ ಸಂಯಮದ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಬಡತನವೇ ಆಕೆಗೆ ಬೇಕಾದುದಕ್ಕಿಂತ ಹೆಚ್ಚು ಸಂಯಮವನ್ನು ಕಲಿಸಿಬಿಟ್ಟಿದೆ. ಈ ಲೇಖನದ ಪ್ರಶ್ನೆ ಹಣ ಕೊಡಬಲ್ಲ ಶಕ್ತಿಯಿದ್ದೂ ಕೊಡಬೇಕಾಗಿಲ್ಲದ ನಮ್ಮಂಥವರದು. ಇನ್ನೂರರ ಗಡಿ ದಾಟೀತೆಂದು ತಿಂಗಳ ಕೊನೆಯ ವಾರದಲ್ಲಿ ಮೀಟರಿನ ಮುಂದೆ ನಿಂತು ಲೆಕ್ಕ ಹಾಕುವ ಮನೆಗಳನ್ನು ಓದುಗರೂ ಕಂಡಿರಬಹುದು. ಆ ಎಚ್ಚರ ಒಳ್ಳೆಯದೇ. ಆದರೆ ಅದು ಬೇಲಿಯ ಭಯದಿಂದ ಹುಟ್ಟಿದ ಎಚ್ಚರ. ಗಡಿಯ ಈಚೆಗೆ ಇರುವಷ್ಟು ದಿನ ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಿದರೂ ಅದೇ ಮನೆ ಲಕ್ಷಿಸುವುದಿಲ್ಲ.

ಉಚಿತವಾಗಿ ಬಂದುದನ್ನು ಹೇಗೆ ಸ್ವೀಕರಿಸಬೇಕೆಂಬುದು ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಮಠದ ಪ್ರಸಾದ ನಿಲಯಗಳಲ್ಲಿ ಉಂಡು ಓದಿ, ಇಂದು ಶಿಕ್ಷಕರಾಗಿ, ವಕೀಲರಾಗಿ, ಅಧಿಕಾರಿಗಳಾಗಿ ಇರುವವರು ತಮ್ಮ ವಿದ್ಯಾರ್ಥಿ ದೆಸೆಯನ್ನು ನೆನೆಯಲಿ. ಅಲ್ಲಿ ಊಟಕ್ಕೆ ಬಿಲ್ಲು ಬರುತ್ತಿರಲಿಲ್ಲ. ಹಾಗೆಂದು ತಟ್ಟೆಯಲ್ಲಿ ಅನ್ನ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಯಾವುದೋ ಹಳ್ಳಿಯ ರೈತ ತನ್ನ ರಾಶಿಯಿಂದ ಚೀಲ ಜೋಳ ತೆಗೆದಿಟ್ಟಿದ್ದ, ಯಾವಳೋ ತಾಯಿ ರೊಟ್ಟಿ ಬುತ್ತಿ ಕಟ್ಟಿಕೊಟ್ಟಿದ್ದಳು, ಜೋಳಿಗೆ ಹಿಡಿದು ಊರೂರು ತಿರುಗಿದವರಿದ್ದರು. ಕೊಟ್ಟವರ ಮುಖ ಕಾಣದಿದ್ದರೂ ಕೊಟ್ಟವರು ಇದ್ದಾರೆಂಬ ಅರಿವು ಪಂಕ್ತಿಯಲ್ಲಿ ಕುಳಿತ ಪ್ರತಿಯೊಬ್ಬನಿಗೂ ಇತ್ತು. ಆ ಅರಿವೇ ಅಗುಳನ್ನು ಕಾಪಾಡಿತು. ಉಚಿತ ವಿದ್ಯುತ್ತಿನಲ್ಲಿ ಕೊರತೆಯಾಗಿರುವುದು ಈ ಅರಿವು. ತಂತಿಯ ಆ ತುದಿಯಲ್ಲಿ ಯಾರಿದ್ದಾರೆಂಬುದು ನಮಗೆ ಕಾಣುವುದಿಲ್ಲ.

ಯಾರಿದ್ದಾರೆಂದು ನೋಡೋಣ. ಬೆಳಗಾವಿಯಿಂದ ಖಾನಾಪುರ, ಲೋಂಡಾಗಳನ್ನು ದಾಟಿ ಗೋವೆಯ ದಾರಿ ಹಿಡಿದರೆ ಜೊಯಿಡಾ ತಾಲೂಕಿನ ರಾಮನಗರವೆಂಬ ಊರು ಸಿಗುತ್ತದೆ. ಬಸ್ಸು ನಿಂತಾಗ ಚಹ ಕುಡಿದು ಮುಂದೆ ಸಾಗುವವರೇ ಹೆಚ್ಚು. ಕಾಳಿ ನದಿಗೆ ಸೂಪಾದಲ್ಲಿ ನೂರೊಂದು ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ಸೂಪಾ ಎಂಬ ಊರೂ ಸುತ್ತಲಿನ ಹಳ್ಳಿಗಳೂ ನೀರಿನ ಪಾಲಾದವು. ಹಾಗೆ ಮನೆಮಾರು ಕಳೆದುಕೊಂಡವರಿಗಾಗಿ ಆದ ಪುನರ್ವಸತಿಯ ಊರು ಈ ರಾಮನಗರ. ಮುಳುಗಿದುದು ತಾಲೂಕಿಗೇ ಹೆಸರು ಕೊಟ್ಟಿದ್ದ ಊರು. ಸಂತೆ, ಗುಡಿ, ಗದ್ದೆ, ಹಿರಿಯರ ಸಮಾಧಿ ಎಲ್ಲವೂ ಹೋದವು. ಆ ನೀರು ಸೂಪಾದಲ್ಲಿ, ನಾಗಝರಿಯಲ್ಲಿ, ಕೊಡಸಳ್ಳಿಯಲ್ಲಿ, ಕದ್ರಾದಲ್ಲಿ ನಾಲ್ಕು ಸಲ ಯಂತ್ರ ತಿರುಗಿಸಿ ಕಡಲು ಸೇರುತ್ತದೆ. ಜಲವಿದ್ಯುತ್ತಿಗೆ ಹೊಗೆಯಿಲ್ಲ, ನಿಜ. ಅದಕ್ಕೆ ಕಣ್ಣೀರಿಲ್ಲವೆಂದು ಮಾತ್ರ ಹೇಳಲಾಗದು. ಶರಾವತಿಯ ಕಥೆಯೂ ಇದೇ. ಮುಳುಗಡೆಯವರ ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ.

ಇನ್ನು ಕಲ್ಲಿದ್ದಲು. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಒಲೆ ಉರಿಯುತ್ತಿದೆ. ಅಲ್ಲಿಯ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಬಳ್ಳಾರಿಯ ಕುಡತಿನಿಯಲ್ಲಿ 1,700, ಯರಮರಸದಲ್ಲಿ 1,600. ಒಂದು ಯೂನಿಟ್ ವಿದ್ಯುತ್ತಿಗೆ ನಮ್ಮ ದೇಶದ ಕಲ್ಲಿದ್ದಲು ಹೆಚ್ಚುಕಡಿಮೆ ಮುಕ್ಕಾಲು ಕಿಲೋದಷ್ಟು ಬೇಕು. ಅದರಲ್ಲಿ ಬೂದಿಯೇ ಮೂರನೆಯ ಒಂದು ಪಾಲು. ಉರಿದಾಗ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಸೇರುತ್ತದೆ. ನೂರಾ ಎಂಬತ್ತೇಳು ಯೂನಿಟ್ಟಿನ ಆ ಮನೆಗೆ ವಿದ್ಯುತ್ತೆಲ್ಲ ಕಲ್ಲಿದ್ದಲಿನಿಂದಲೇ ಬರುವುದಾದರೆ, ಯಾರಾದರೂ ಪ್ರತಿ ತಿಂಗಳು ಒಂದೂಕಾಲು ಕ್ವಿಂಟಲಿಗೂ ಮಿಕ್ಕಿದ ಕಲ್ಲಿದ್ದಲನ್ನು ಅಂಗಳದಲ್ಲಿ ಸುರಿದು, ಅಲ್ಲಿಯೇ ಸುಟ್ಟು, ಬೂದಿಯನ್ನು ಬಾಗಿಲಲ್ಲಿ ಬಿಟ್ಟುಹೋದಂತೆ. ಹಾಗೆ ನಮ್ಮ ಅಂಗಳದಲ್ಲಿ ನಡೆದಿದ್ದರೆ ಸೊನ್ನೆಯ ಬಿಲ್ಲನ್ನು ನಾವು ಇಷ್ಟು ಸಂತೋಷದಿಂದ ಮಡಿಚಿ ಇಡುತ್ತಿದ್ದೆವೆ? ಬೂದಿ ಬೀಳುವುದು ಶಕ್ತಿನಗರದ ಸುತ್ತಲಿನ ಮನೆಗಳ ಮೇಲೆ. ಬೆಳಗಾವಿಯ ಗಾಳಿ ತಂಪಾಗಿದೆ, ಅದಕ್ಕೆ ಹೆಸರಾಗಿದೆ.

ನಮ್ಮ ಮನೆಗೆ ಬರುವುದು ಸೂಪಾದ ವಿದ್ಯುತ್ತೋ ರಾಯಚೂರಿನದೋ ಎಂದು ಕೆಲವರು ಕೇಳುತ್ತಾರೆ. ಹಾಗೆ ಬೇರೆ ಮಾಡಿ ಹೇಳಲು ಬರುವುದಿಲ್ಲ. ಹಲವು ಹಳ್ಳ ಕೂಡಿದ ಕೆರೆಯಲ್ಲಿ ಒಂದು ಕೊಡ ನೀರು ಎತ್ತಿ ಇದು ಯಾವ ಹಳ್ಳದ್ದೆಂದು ಕೇಳಿದಂತಾಗುತ್ತದೆ. ಪಾವಗಡದ ಬಿಸಿಲು, ಗದಗ ಚಿತ್ರದುರ್ಗಗಳ ಗಾಳಿ, ಕೈಗಾದ ಅಣು, ಎಲ್ಲವೂ ಅದೇ ಕೆರೆಗೆ ಬೀಳುತ್ತವೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ ತಂತಿಮಾರ್ಗ ಕೂಡಿದ ಮೇಲೆ ದಕ್ಷಿಣದ ಜಾಲವು ದೇಶದ ಜಾಲದೊಡನೆ ಒಂದಾಯಿತು, ಕೆರೆ ಇನ್ನೂ ದೊಡ್ಡದಾಯಿತು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ಟಿನ ಹಿಂದೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇರುತ್ತದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ಸಾಧಾರಣ ಮನೆಯಿಂದ ವರ್ಷಕ್ಕೆ ಎಂಟು ಕ್ವಿಂಟಲಿಗೂ ಹೆಚ್ಚು. ಕೆರೆ ಒಂದೇ ಆದುದರಿಂದ ಋಣವೂ ಹಂಚಿಹೋಗಿದೆ. ಹಂಚಿಹೋದುದು ಹಗುರವಾಗಿ ತೋರುತ್ತದೆ, ಅಷ್ಟೇ. ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಕೆರೆಯಲ್ಲಿ ನೀರು ಉಕ್ಕುವುದಿಲ್ಲ ಎಂಬುದಕ್ಕೆ ಆ 2023ನೆಯ ವರ್ಷವೇ ಸಾಕ್ಷಿ. ಆಗಸ್ಟ್‌ನಲ್ಲಿ ಸೊನ್ನೆಯ ಚೀಟಿ ಬಂದಿತು. ಆ ವರ್ಷ ಮಳೆ ಕೈಕೊಟ್ಟು ಜಲಾಶಯಗಳು ತುಂಬಲಿಲ್ಲ. ಅಕ್ಟೋಬರಿನಲ್ಲಿ, ರಾಜ್ಯದಲ್ಲಿ ತಯಾರಾದ ವಿದ್ಯುತ್ತನ್ನು ರಾಜ್ಯಕ್ಕೇ ಮಾರಬೇಕೆಂದು ಖಾಸಗಿ ಉತ್ಪಾದಕರಿಗೆ ಸರಕಾರ ಆಜ್ಞೆ ಹೊರಡಿಸಬೇಕಾಯಿತು.

ಖಾನಾಪುರದ ವಿಷಯ ಬೇರೆಯಾಗಿಯೇ ಯೋಚಿಸತಕ್ಕದ್ದು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಜಾಂಬೋಟಿಯ ಆಚೆ, 2011ರಲ್ಲಿ ವನ್ಯಧಾಮವಾದ ಭೀಮಗಡದ ಕಾಡು, ಅದರೊಳಗೆ ಚದುರಿದ ಸಣ್ಣ ಊರುಗಳು. ಈ ಕಾಡು ಮಳೆಯನ್ನು ಹಿಡಿದಿಡುತ್ತದೆ, ನಗರದ ಹೊಗೆಯಲ್ಲಿ ತನ್ನ ಪಾಲನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಮರವೊಂದು ತಂತಿಯ ಮೇಲೆ ಉರುಳಿದರೆ ಆ ಕಡೆಯ ಮನೆಗಳಲ್ಲಿ ದಿನಗಟ್ಟಲೆ ಕತ್ತಲು. ಅಲ್ಲಿಯ ಮೀಟರು ಕಡಿಮೆ ತಿರುಗುವುದಕ್ಕೆ ಮನೆಯವರ ಸಂಯಮ ಎಷ್ಟು ಕಾರಣವೋ ಸರಬರಾಜಿನ ಕೊರತೆಯೂ ಅಷ್ಟೇ ಕಾರಣ. ಸರಾಸರಿಯ ಮೇಲೆ ಪಾಲು ಗೊತ್ತುಮಾಡಿದಾಗ ಕತ್ತಲಲ್ಲಿ ಕಳೆದ ರಾತ್ರಿಗಳೂ ಸರಾಸರಿಯಲ್ಲಿ ಸೇರಿದವು! ಕಾಡನ್ನು ಕಾಯ್ದವನ ಪಾಲು ಕಿರಿದಾಯಿತು, ಕಾಡಿನ ತಂಪನ್ನು ಉಂಡವನ ಪಾಲು ಹಿರಿದಾಯಿತು. ಇದನ್ನು ನ್ಯಾಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಹಳ್ಳಿಯ ಬದುಕು ಹೊಗೆಯಿಲ್ಲದ್ದೆಂದು ಭ್ರಮಿಸಬಾರದು. ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ ಕುಳಿತಿರುವ ಮನೆಗಳಲ್ಲಿ ಬೆಳಗಿನ ಜಾವ ಕಟ್ಟಿಗೆ ಉರಿಯುತ್ತದೆ. ಅದರ ಲೆಕ್ಕ ಯಾವ ಬಿಲ್ಲಿನಲ್ಲೂ ಇಲ್ಲ. ಕಡಿದ ಮರ ಮತ್ತೆ ಚಿಗುರಿದರೆ ಆಕಾಶದ ಲೆಕ್ಕ ಸರಿಹೋದೀತು, ಒಲೆಯ ಮುಂದೆ ಕುಳಿತ ಹೆಣ್ಣುಮಗಳ ಕಣ್ಣಿನ, ಎದೆಯ ಲೆಕ್ಕ ಸರಿಹೋಗುವುದಿಲ್ಲ. ಆಕೆಗೆ ವಿದ್ಯುತ್ತು ಹೆಚ್ಚು ಸಿಗಬೇಕು ಎಂಬುದೇ ಧರ್ಮ. ಒಬ್ಬರ ಮನೆಯಲ್ಲಿ ಬಳಕೆ ಏರುವುದೂ ಇನ್ನೊಬ್ಬರ ಮನೆಯಲ್ಲಿ ಇಳಿಯುವುದೂ ಏಕಕಾಲಕ್ಕೆ ಸರಿಯಾಗಿರಬಹುದು.

ಒಂದು ಸಾಮಾನ್ಯ ಆಕ್ಷೇಪವುಂಟು: ನಾನೊಬ್ಬ ದೀಪ ಆರಿಸಿದರೆ ರಾಯಚೂರಿನ ಒಲೆ ಆರೀತೆ? ಒಂದು ದೀಪಕ್ಕೆ ಆರುವುದಿಲ್ಲ. ಆದರೆ ವಿದ್ಯುತ್ತನ್ನು ಕಣಜದ ಧಾನ್ಯದಂತೆ ಬೇಕಾದಷ್ಟು ತುಂಬಿಡುವ ವ್ಯವಸ್ಥೆ ನಮ್ಮಲ್ಲಿ ಇನ್ನೂ ಅಲ್ಪ. ಬೇಡಿಕೆ ಎಷ್ಟೋ ಅಷ್ಟನ್ನು ಆ ಕ್ಷಣಕ್ಕೆ ತಯಾರಿಸಬೇಕು. ಹಗಲು ಹೊತ್ತಿನಲ್ಲಿ ರಾಜ್ಯದಲ್ಲಿ ಸೌರವಿದ್ಯುತ್ತು ಯಥೇಚ್ಛವಾಗಿ ಬರುತ್ತದೆ. ಸೂರ್ಯ ಮುಳುಗಿದೊಡನೆ ಅದು ನಿಲ್ಲುತ್ತದೆ, ಅದೇ ಹೊತ್ತಿಗೆ ಮನೆಮನೆಯ ದೀಪ ಹೊತ್ತುತ್ತದೆ. ಸಂಜೆ ಆರರಿಂದ ರಾತ್ರಿ ಹತ್ತರವರೆಗಿನ ಭಾರವನ್ನು ಜಲಾಶಯದ ನೀರೂ ಕಲ್ಲಿದ್ದಲೂ ಹೊರಬೇಕು. ಆದುದರಿಂದ ಎಷ್ಟು ಬಳಸಿದೆವೆಂಬುದರಷ್ಟೇ ಯಾವಾಗ ಬಳಸಿದೆವೆಂಬುದೂ ಮುಖ್ಯ. ನೀರೆತ್ತುವ ಮೋಟಾರು, ಇಸ್ತ್ರಿ, ಬಟ್ಟೆ ಒಗೆಯುವ ಯಂತ್ರ ಇವು ನಡುಹಗಲಿನಲ್ಲಿ ನಡೆದರೆ ಯಾರಿಗೂ ನಷ್ಟವಿಲ್ಲ. (ನಳದ ನೀರೂ ಪುಕ್ಕಟೆಯ ಹೊಳೆಯೆಂದು ತಿಳಿಯಬಾರದು. ಹಿಡಕಲ್ ಜಲಾಶಯದಿಂದ ಬೆಳಗಾವಿಗೆ ಅದನ್ನು ಪಂಪುಗಳು ಎತ್ತಿ ತರುತ್ತವೆ.)

ಇನ್ನೂ ಹತ್ತಿರದ ಲೆಕ್ಕ ಬೇಕೆನ್ನುವವರು ಬಚ್ಚಲಿನ ಗೀಜರನ್ನು ನೋಡಲಿ. ಎರಡು ಸಾವಿರ ವಾಟ್‌ನ ಗೀಜರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಅದೇ ಒಂದು ಯೂನಿಟ್ಟಿನಲ್ಲಿ ಒಂಬತ್ತು ವಾಟ್‌ನ ಎಲ್.ಇ.ಡಿ. ದೀಪ ನೂರಾ ಹತ್ತು ಗಂಟೆ ಬೆಳಗುತ್ತದೆ. ಅಂದರೆ ಹುಡುಗನೊಬ್ಬ ರಾತ್ರಿ ನಾಲ್ಕು ಗಂಟೆಯಂತೆ ಸುಮಾರು ಒಂದು ತಿಂಗಳು ಓದಬಹುದು. ಬೆಳಗಾವಿಯ ಚಳಿಯಲ್ಲಿ ಬಿಸಿನೀರು ಬೇಕೇ ಬೇಕು, ಅದನ್ನು ಯಾರೂ ನಿರಾಕರಿಸುವುದಿಲ್ಲ. ಮಾಳಿಗೆಯ ಮೇಲಿನ ಸೌರ ಹಂಡೆ ವರ್ಷದ ಬಹುಭಾಗ ಆ ಕೆಲಸ ಮಾಡಬಲ್ಲದು. ಹಾಗೆ ಉಳಿದ ಯೂನಿಟ್ ಎಲ್ಲಿಗೂ ಕಳೆದುಹೋಗುವುದಿಲ್ಲ. ಹೆಸ್ಕಾಂಗೆ ಸರಕಾರ ತುಂಬಿಕೊಡುವುದು ನಾವು ಬಳಸಿದ ಯೂನಿಟ್ಟಿನ ಲೆಕ್ಕದಲ್ಲಿ. ಬಳಸದ ಯೂನಿಟ್ಟಿನ ಹಣ ಬೊಕ್ಕಸದಲ್ಲಿಯೇ ಉಳಿದು ಶಾಲೆಗೋ ಆಸ್ಪತ್ರೆಗೋ ಆಗಬಹುದು. ಆಗಿಯೇ ತೀರುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಮನೆಯ ಮಾಳಿಗೆಯ ಸೌರವಿದ್ಯುತ್ತಿಗೆ ಸಹಾಯಧನ ಸಾರಿತು. ಮೂರು ಕಿಲೋವಾಟ್‌ಗೆ 78,000 ರೂಪಾಯಿ. ಅಷ್ಟಾದರೂ ಕೈಯಿಂದ ಲಕ್ಷ ರೂಪಾಯಿ ಹಾಕುವ ಮಾತು ಬಂದಾಗ, ಸೊನ್ನೆಯ ಬಿಲ್ಲಿನ ಗೃಹಸ್ಥ ನಗುತ್ತಾನೆ. ಬಾರದ ಬಿಲ್ಲನ್ನು ಉಳಿಸಲು ಲಕ್ಷ ಖರ್ಚುಮಾಡುವ ಮೂರ್ಖನಾರು? ವ್ಯಾಪಾರದ ದೃಷ್ಟಿಯಿಂದ ಆತನ ಮಾತು ಸರಿ. ಒಂದು ಕೈಯ ದಾನ ಇನ್ನೊಂದು ಕೈಯ ಪ್ರೋತ್ಸಾಹವನ್ನು ಹೀಗೆ ಅಳಿಸುತ್ತದೆಂದು ಯೋಜನೆ ಮಾಡಿದವರು ಯೋಚಿಸಬೇಕಿತ್ತು. ಆದರೆ ಮಗಳ ಮದುವೆಯ ಮಂಟಪಕ್ಕೆ, ಮನೆಯ ಮುಂಭಾಗದ ಗ್ರಾನೈಟಿಗೆ ಅದೇ ಗೃಹಸ್ಥ ಲಾಭನಷ್ಟದ ಲೆಕ್ಕ ಹಾಕಿದ್ದನೆ? ಎಲ್ಲಿ ಲೆಕ್ಕ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದನ್ನು ನಾವು ನಮ್ಮ ಅನುಕೂಲಕ್ಕೆ ತಕ್ಕಂತೆ ಆರಿಸಿಕೊಳ್ಳುತ್ತೇವೆ.

ಗೃಹಜ್ಯೋತಿ ತಾನಾಗಿ ಬಂದುದಲ್ಲ, ಅರ್ಜಿ ಸಲ್ಲಿಸಿದವರಿಗೆ ಬಂದುದು ಎಂಬುದನ್ನೂ ಇಲ್ಲಿ ನೆನೆಯಬೇಕು. ಅರ್ಜಿಯಲ್ಲಿ ಆದಾಯವೆಷ್ಟೆಂದು ಯಾರೂ ಕೇಳಲಿಲ್ಲ. ಕೇಳದೆ ಬಿಟ್ಟುದು ಒಳ್ಳೆಯದೇ ಆಯಿತು, ಬಡವರು ತಮ್ಮ ಬಡತನವನ್ನು ಇನ್ನೊಂದು ಕಿಟಕಿಯ ಮುಂದೆ ನಿಂತು ರುಜುವಾತುಪಡಿಸುವುದು ತಪ್ಪಿತು. ಆ ಪ್ರಶ್ನೆಯನ್ನು ಕಚೇರಿ ಕೇಳಲಿಲ್ಲವಾದ್ದರಿಂದ ಅದು ಅರ್ಜಿ ತುಂಬಿದವನ ಬಳಿಯೇ ಉಳಿದಿದೆ. ತಿಂಗಳಿಗೆ ಲಕ್ಷ ಸಂಬಳದ ಮನೆಯವರು, ದೊಡ್ಡ ಪಿಂಚಣಿ ಪಡೆಯುವವರು, ಮಕ್ಕಳು ಪುಣೆ ಬೆಂಗಳೂರುಗಳಿಂದ ಹಣ ಕಳಿಸುವವರು, ಮುಂದಿನ ಚೀಟಿ ಬಂದಾಗ ಕೊನೆಯ ಸೊನ್ನೆಯ ಜೊತೆಗೆ ಮೇಲಿನ ಸಾಲಿನಲ್ಲಿರುವ ಯೂನಿಟ್ಟಿನ ಅಂಕಿಯನ್ನೂ ಓದಲಿ. ಅದನ್ನು ಕಿಲೋ ಕಲ್ಲಿದ್ದಲಿಗೆ ತಿರುಗಿಸುವ ಗುಣಾಕಾರ ಐದನೆಯ ಇಯತ್ತೆಯ ಮಗುವಿಗೂ ಬರುತ್ತದೆ. ಮನೆಯಲ್ಲಿ ಅಂಥ ಮಗುವಿದ್ದರೆ ಅದರ ಕೈಯಿಂದಲೇ ಮಾಡಿಸಬಹುದು.